ರಾಗಿಯ ಕೆಳಗಿದ್ದ ಬಂಡಿ ದಾರಿ

2023ನೇ ಇಸವಿ. ಭೂಮಾಪನ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಸರ್ವೇಯರ್ ಆಗಿ, ಕೊನೆಗೆ ಸೂಪರ್‌ವೈಸರ್ ಆಗಿ ದುಡಿದು ನಾನು ನಿವೃತ್ತಳಾಗಿ ಎರಡು ವರ್ಷವಾಗಿತ್ತು. ಬೀಳ್ಕೊಡುಗೆಯ ದಿನ ಮೇಲಧಿಕಾರಿಯೊಬ್ಬರು ಮೈಕ್ ಹಿಡಿದು, “ಮೇಡಂ ಮಾಡಿದ ಒಂದೇ ಒಂದು ನಕ್ಷೆಯೂ ತಪ್ಪೆಂದು ವಾಪಸ್ ಬಂದದ್ದಿಲ್ಲ” ಎಂದಿದ್ದರು. ವಿಜಯನಗರದ ನಮ್ಮ ಮನೆಗೆ ಬಂದ ನೆಂಟರಿಗೆಲ್ಲ ನಾನು ಆ ಮಾತನ್ನು ಕಾಫಿಯ ಜೊತೆ ಬಡಿಸಿದ್ದೆ. ಕೇಳಿ ಕೇಳಿ ನಮ್ಮ ಯಜಮಾನರು, ನಾನು ಬಾಯಿ ತೆರೆಯುವ ಮೊದಲೇ ಎದ್ದು ಒಳಗೆ ಹೋಗುವುದನ್ನು ರೂಢಿ ಮಾಡಿಕೊಂಡಿದ್ದರು. ಈಗ ಹೇಳಹೊರಟಿರುವುದು ಆ ಮಾತು ಸುಳ್ಳಾದ ಪ್ರಸಂಗ.

ಆಗಸ್ಟ್ ತಿಂಗಳ ಒಂದು ಸೋಮವಾರ ಸ್ಕೂಟರ್‌ನ ಬ್ರೇಕ್ ಸರಿಮಾಡಿಸಲು ಕಾಮಾಕ್ಷಿಪಾಳ್ಯದ ಗ್ಯಾರೇಜಿಗೆ ಹೋಗಿದ್ದೆ. ಗ್ಯಾರೇಜಿನ ಬಸವರಾಜ ಗದಗಿನ ಕಡೆಯವನು, ನಲವತ್ತರ ಹತ್ತಿರದ ವಯಸ್ಸು. ಹಿಂದೆ ಮಣ್ಣಿನ ರ್‍ಯಾಲಿಗಳಲ್ಲಿ ಬೈಕ್ ಓಡಿಸಿ ಮಂಡಿ ಮುರಿದುಕೊಂಡವನು. ಸ್ಪರ್ಧೆ ಬಿಟ್ಟ ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಜನರನ್ನು ಊರಾಚೆ ಕರೆದುಕೊಂಡು ಹೋಗಿ, ಟಾರಿಲ್ಲದ ದಾರಿಯಲ್ಲಿ ಬೈಕ್ ಓಡಿಸುವುದನ್ನು ಕಲಿಸುತ್ತಿದ್ದ. ಬರುವವರಲ್ಲಿ ಹೆಚ್ಚಿನವರು ವಾರವೆಲ್ಲ ಮನೆಮನೆಗೆ ಊಟ ತಲುಪಿಸುವ ಹುಡುಗರು. ಜೊತೆಗೆ ಬಸವೇಶ್ವರನಗರದ ಒಬ್ಬ ಶಾಲಾ ಮೇಡಂ, ಇಬ್ಬರು ಆಫೀಸಿನವರು. “ಮೊದಲ ಬೀಳೂದ್ ಕಲಸ್ತೀನ್ರಿ. ಬೀಳಾಕ ಬಂದ್ರ ಓಡ್ಸಾಕ ತಾನಾ ಬರ್ತೈತಿ” ಎನ್ನುತ್ತಿದ್ದ. ಆ ಭಾನುವಾರದ ಮಾತು ಬಂದರೆ ಅವನ ಮುಖವೇ ಬೇರೆಯಾಗುತ್ತಿತ್ತು.

ಆ ದಿನ ಮಾತ್ರ ಸ್ಪ್ಯಾನರ್ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದ.

“ಏನಪ್ಪಾ, ಹುಷಾರಿಲ್ವಾ?” ಎಂದೆ.

“ಕ್ಲಾಸ್ ಬಂದ್ ಮಾಡೂದೈತ್ರಿ ಮೇಡಂ. ದಾರೀನ ಇಲ್ಲ. ಇಷ್ಟ್ ದೊಡ್ಡ ಊರಾಗ ಒಂದ್ ಮಣ್ಣಿನ ದಾರಿ ಸಿಗವಲ್ದು.”

ಒಂದೊಂದೇ ವಿಷಯ ಹೊರಬಂತು. ಮೊದಲು ಅವರು ಹೋಗುತ್ತಿದ್ದುದು ಕಾಡಿನ ದಾರಿ. ಫಾರೆಸ್ಟ್ ಗಾರ್ಡ್ ತಡೆದು ಕಳಿಸಿದ. ಆಮೇಲೆ ಒಣಗಿದ ಕೆರೆಯಂಗಳ. ಊರವರು ಬೈದರು, ಸರಿಯಾಗಿಯೇ ಬೈದರು. ಕೆಂಗೇರಿಯಾಚೆ ಖಾಲಿ ಬಿದ್ದಿದ್ದ ಲೇಔಟಿಗೆ ಕಾಂಪೌಂಡ್ ಬಂತು. ಕೊನೆಗೆ ಮಾಗಡಿ ರಸ್ತೆಯಾಚೆ, ನಾನಿಲ್ಲಿ ಸೀಗೇಪಾಳ್ಯ ಎಂದು ಬೇರೆ ಹೆಸರಿಟ್ಟು ಕರೆಯುವ ಊರಿನ ಹತ್ತಿರ, ಮೊಬೈಲ್ ಮ್ಯಾಪಿನಲ್ಲಿ ಒಂದು ಬಿಳಿ ಗೆರೆ ಕಂಡಿತ್ತು. ಹಿಂದಿನ ದಿನ ಅಲ್ಲಿಗೇ ಹೋಗಿದ್ದರು. ಮುಂದಿದ್ದ ಹುಡುಗರು ಮೊಬೈಲ್ ನೋಡಿಕೊಂಡು ನುಗ್ಗಿದ್ದಾರೆ. ಕಾಲ ಕೆಳಗೆ ಗೇಣುದ್ದ ಹಸಿರಿತ್ತು, ಹುಲ್ಲು ಅಂದುಕೊಂಡರಂತೆ. ಹುಲ್ಲಲ್ಲ, ರಾಗಿ ಪೈರು. ಬಸವರಾಜ ಕೊನೆಯ ಬೈಕಿನಲ್ಲಿದ್ದ. ಅವನು ನೋಡಿ ಕೂಗುವಷ್ಟರಲ್ಲಿ ಆರು ಬೈಕು ದಾಟಿಯಾಗಿತ್ತು. ಹೊಲದ ಯಜಮಾನರು ಬಂದು ಬೈಕುಗಳ ಕೀ ಕಿತ್ತುಕೊಂಡರು, ಪೊಲೀಸರೂ ಬಂದರು. ಬಸವರಾಜ ಎಲ್ಲರ ಎದುರು ಕೈಮುಗಿದ ಮೇಲೆ ಬಿಟ್ಟು ಕಳಿಸಿದರು. ಆದರೆ ಹೊಲದ ಯಜಮಾನರು ಒಂದು ಮಾತು ಹೇಳಿದರು: ಅದು ದಾರಿ ಅಂತ ಕಾಗದ ತಂದರೆ ಬಾ, ಇಲ್ಲದಿದ್ದರೆ ಈ ಕಡೆ ತಲೆ ಹಾಕಬೇಡ.

“ಜ್ವಾಳದ ಹೊಲದಾಗ ಬೆಳೆದಾವ್ರೀ ನಾ. ಪೈರ್ ತುಳದೀನಂತ ಗೊತ್ತಾದ್ರ ನಮ್ಮವ್ವ ಮಾರಿಗಿ ಉಗುಳ್ತಾಳ. ಆದ್ರ ಮ್ಯಾಪ್‌ನ್ಯಾಗ ದಾರಿ ಐತಿ, ನೋಡ್ರಿ” ಎಂದು ಮೊಬೈಲ್ ಮುಂದೆ ಹಿಡಿದ.

ನೋಡಿದೆ. ಹೊಲದ ನಡುವೆ ಸ್ಪಷ್ಟವಾದ ಬಿಳಿ ಗೆರೆ. “ಇದು ಮೇಲಿಂದ ತೆಗೆದ ಫೋಟೋ ಕಣಪ್ಪಾ. ಮಣ್ಣು ಸವೆದಿದೆ ಅಂತ ಹೇಳುತ್ತೆ ಅಷ್ಟೆ. ಯಾರ ಮಣ್ಣು ಅಂತ ಹೇಳಲ್ಲ” ಎಂದೆ. ಹೇಳಿದ್ದು ಗತ್ತಿನಿಂದಲೇ. ಆದರೆ ಮನೆಗೆ ಬರುವಷ್ಟರಲ್ಲಿ ನನಗೇ ಕುತೂಹಲ ಹತ್ತಿಕೊಂಡಿತ್ತು. ನಮ್ಮ ಜಮೀನು ಎಲ್ಲಿಯವರೆಗೆ ಎಂದು ಕೇಳುವವರನ್ನು ಸರ್ವಿಸ್ ಪೂರ್ತಿ ನೋಡಿದ್ದೆ. ಎಲ್ಲರಿಗೂ ಸೇರಿದ ಮಣ್ಣು ಎಲ್ಲಿದೆ ಎಂದು ಯಾರೂ ಕೇಳಿರಲಿಲ್ಲ.

ಇಲ್ಲಿ ಸ್ವಲ್ಪ ವಿವರಣೆ ಬೇಕು. ಪ್ರತಿ ಗ್ರಾಮಕ್ಕೂ ಸರ್ಕಾರದ ಒಂದು ನಕಾಶೆ ಇರುತ್ತದೆ. ಅದರಲ್ಲಿ ಜೋಡಿ ಚುಕ್ಕೆಗೆರೆ ಎಳೆದಿದ್ದರೆ ಬಂಡಿ ದಾರಿ, ಒಂಟಿ ಚುಕ್ಕೆಗೆರೆ ಇದ್ದರೆ ಕಾಲುದಾರಿ. ಹೊಲದ ನಡುವೆ ಹಾದುಹೋಗುವ ಬಂಡಿ ದಾರಿಯ ವಿಸ್ತೀರ್ಣವನ್ನು ಹೊಲದವನ ಲೆಕ್ಕದಿಂದ ಕಳೆದು ‘ಬಿ ಖರಾಬು’ ಎಂದು ಬೇರೆ ಬರೆಯುತ್ತೇವೆ. ಅಂದರೆ ಸುತ್ತಲಿನ ಹೊಲ ಯಾರದ್ದೇ ಇರಲಿ, ಆ ಪಟ್ಟಿ ಸಾರ್ವಜನಿಕರದ್ದು. ಅಲ್ಲಿ ಓಡಾಡುವವರನ್ನು ಯಾರೂ ತಡೆಯುವಂತಿಲ್ಲ. ಕಾಡಿನ ದಾರಿ, ಕೆರೆ ಏರಿ, ಗೋಮಾಳ ಯಾವುದೂ ಬಸವರಾಜನಿಗೆ ಒದಗುವಂಥದ್ದಲ್ಲ. ಅವನ ಕ್ಲಾಸ್ ಉಳಿಯಬೇಕಾದರೆ ಜೋಡಿ ಚುಕ್ಕೆಗೆರೆಯೇ ಸಿಗಬೇಕಿತ್ತು.

ಈಗ ಗ್ರಾಮ ನಕಾಶೆಗಳು ಕಂಪ್ಯೂಟರಿನಲ್ಲೇ ಸಿಗುತ್ತವೆ. ಮರುದಿನ ಸೀಗೇಪಾಳ್ಯದ್ದೂ ಅದರ ಪಕ್ಕದ ಊರಿನದ್ದೂ ಪ್ರಿಂಟ್ ತೆಗೆಸಿದೆ. ಒಂದು ಊರಿನ ನಕಾಶೆ ಆ ಊರಿನ ಗಡಿಗೆ ನಿಂತುಬಿಡುತ್ತದೆ. ಆಚೆ ಬರೀ ಬಿಳಿ ಕಾಗದ. ದಾರಿ ಮುಂದೆ ಎಲ್ಲಿಗೆ ಹೋಯಿತೆಂದು ತಿಳಿಯಲು ಪಕ್ಕದೂರಿನ ಹಾಳೆಯನ್ನು ಜೋಡಿಸಲೇಬೇಕು. ಊಟದ ಮೇಜಿನ ಮೇಲೆ ಎರಡನ್ನೂ ಹರಡಿ, ಎರಡರಲ್ಲೂ ಗುರುತಾಗಿದ್ದ ಗಡಿಕಲ್ಲನ್ನು ಒಂದರ ಮೇಲೊಂದು ಕೂರಿಸಿ ಟೇಪ್ ಅಂಟಿಸಿದೆ. ಎಷ್ಟು ದಿನವಾಗಿತ್ತು ಈ ಕೆಲಸ ಮಾಡಿ! ಸಾರು ಕುದಿದು ಪಾತ್ರೆ ಸೀದದ್ದೂ ಗೊತ್ತಾಗಲಿಲ್ಲ.

“ಇವತ್ತು ಊಟಕ್ಕೆ ನಕಾಶೇನಾ?” ಎಂದರು ಯಜಮಾನರು.

“ಸುಮ್ನಿರಿ, ದಾರಿ ಸಿಕ್ತು!” ಎಂದೆ.

ನಿಜವಾಗಿಯೂ ಸಿಕ್ಕಿತ್ತು. ಸೀಗೇಪಾಳ್ಯದಿಂದ ಹೊರಟ ಜೋಡಿ ಚುಕ್ಕೆಗೆರೆ ಬಸವರಾಜ ತೋರಿಸಿದ ಹೊಲದ ನಡುವೆಯೇ ಹಾದು, ಗಡಿ ದಾಟಿ, ಪಕ್ಕದೂರಿನ ಕೆರೆಯವರೆಗೆ ಹೋಗಿತ್ತು. ಮೊಬೈಲಿನ ಬಿಳಿ ಗೆರೆಯೂ ಅದೇ ಜಾಗದಲ್ಲಿತ್ತು. ಫೋನ್ ಮಾಡಿ ಹೇಳಿದಾಗ ಬಸವರಾಜ ಅಂಗಡಿಯಲ್ಲೇ ಕುಣಿದನಂತೆ. “ಕುಣೀಬೇಡ. ಕಾಗದ ಅರ್ಧ ಸತ್ಯ, ನೆಲ ನೋಡಿದ ಮೇಲೇ ಪೂರ್ತಿ” ಎಂದು ಗದರಿದೆ. ಆ ತಾಲ್ಲೂಕಿನಲ್ಲಿ ನಾನು ಮೂರು ವರ್ಷ ಕೆಲಸ ಮಾಡಿದ್ದೆ. ಊರಿನ ಹೆಸರು ನೆನಪಿತ್ತು, ಹೊಲ ನೆನಪಾಗಲಿಲ್ಲ.

ಮುಂದಿನ ಭಾನುವಾರ ಇಬ್ಬರೂ ಹೋದೆವು. ನಾನು ನನ್ನ ಸ್ಕೂಟರಿನಲ್ಲೇ ಹೋದೆ. ಅವನ ಎತ್ತರದ ಬೈಕಿನ ಹಿಂದೆ ಹತ್ತಲು ಏಣಿ ಬೇಕು. ಹೊಲದ ಯಜಮಾನರು ರಂಗಪ್ಪನವರು, ಎಪ್ಪತ್ತು ದಾಟಿದವರು, ಜಗುಲಿಯ ಮೇಲೆ ಹಗ್ಗ ಹೊಸೆಯುತ್ತಾ ಕೂತಿದ್ದರು. ಬಸವರಾಜನನ್ನು ನೋಡಿದ್ದೇ ತಡ, “ಬಂದ್ಯೇನಪ್ಪಾ ಇನ್ನೊಂದ್ ಸಲ ತುಳಿಯಕ್ಕೆ?” ಎಂದರು. ನಾನು ಮುಂದೆ ಹೋಗಿ, ನಿವೃತ್ತ ಸರ್ವೇಯರ್ ಎಂದು ಪರಿಚಯ ಹೇಳಿಕೊಂಡು, ನಕಾಶೆಯ ಜೋಡಿ ಗೆರೆಯನ್ನು ತೋರಿಸಿದೆ.

ಅವರು ನಕಾಶೆಯ ಕಡೆ ಕಣ್ಣು ಹಾಯಿಸಲೂ ಇಲ್ಲ. “ನಿಮ್ ಇಲಾಖೆಯೋರೇ ಬಂದು ಅಳದು ಪೋಡಿ ಮಾಡ್ಕೊಟ್ಟವ್ರೆ ಕಣವ್ವ. ಅದ್ರಾಗೆ ದಾರಿಗೀರಿ ಏನೂ ಇಲ್ಲ” ಎಂದು ಒಳಗೆ ಹೋಗಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಹಾಳೆಯೊಂದನ್ನು ತಂದು ಕೊಟ್ಟರು.

ಪೋಡಿ ಎಂದರೆ ಒಂದು ಸರ್ವೆ ನಂಬರನ್ನು ಪಾಲುದಾರರಿಗೆ ಬೇರೆ ಬೇರೆಯಾಗಿ ಅಳೆದು ನಕ್ಷೆ ಮಾಡಿಕೊಡುವ ಕೆಲಸ. ರಂಗಪ್ಪನವರಿಗೂ ಅವರ ತಮ್ಮನಿಗೂ ಹಾಗೆ ಮಾಡಿಕೊಟ್ಟ ನಕ್ಷೆ ಅದು. ಅಂಚುಗಳು ನೇರ, ಅಂಕಿಗಳು ಮುದ್ದಾಗಿವೆ. ಯಾರೋ ಚೆನ್ನಾಗಿ ಮಾಡಿದ್ದಾರೆ ಅಂದುಕೊಂಡೆ. ದಾರಿ ಇರಲಿಲ್ಲ. ಖರಾಬಿನ ಕಾಲಮ್ಮಿನಲ್ಲಿ ಸೊನ್ನೆ. ಕೆಳಗೆ ತಾರೀಖು, 1996ರ ನವೆಂಬರ್. ಅದರ ಪಕ್ಕದಲ್ಲಿ ಸರ್ವೇಯರ್ ಸಹಿ.

ನನ್ನ ಸಹಿ.

ಪೋಡಿ ಮಾಡುವಾಗ ಗ್ರಾಮ ನಕಾಶೆಯನ್ನು ಪಕ್ಕದಲ್ಲಿಟ್ಟುಕೊಂಡು, ದಾರಿ, ಹಳ್ಳ ಏನಾದರೂ ಹಾದಿದೆಯೇ ಎಂದು ನೋಡಬೇಕು. ಹೊಸಬರಿಗೆಲ್ಲ ನಾನೇ ಪಾಠ ಮಾಡಿದ ನಿಯಮ ಅದು. ಪಾಠ ಮಾಡಿದವಳು ಮಾತ್ರ ನೋಡಿರಲಿಲ್ಲ. ರಂಗಪ್ಪನವರಿಗೆ ನನ್ನ ಗುರುತು ಹತ್ತಿರಲಿಲ್ಲ, ಬಸವರಾಜ ಆ ಗೀಚು ಸಹಿಯ ಕಡೆ ನೋಡಿರಲಿಲ್ಲ. ಹಾಳೆಯನ್ನು ಮಡಚಿದೆ. ಕುಡಿಯಲು ನೀರು ಕೇಳಿದೆ. ಆಮೇಲೆ ನನ್ನ ಬಾಯಿಂದ ಬಂದ ಮಾತನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

“ಇವರ ಕಾಗದ ಸರಿ ಇದೆ ಕಣಪ್ಪಾ. ಈ ದಾರಿ ಮರೆತುಬಿಡು” ಎಂದೆ.

ಬಸವರಾಜ “ಆತ್ರಿ ಮೇಡಂ” ಎಂದು ಬೈಕ್ ಹತ್ತಿದ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಎರಡು ವಾರ ನಾನು ಗ್ಯಾರೇಜಿನ ಬೀದಿಗೇ ಹೋಗಲಿಲ್ಲ. ರಾತ್ರಿ ಮಲಗಿದರೆ ಒಂದೇ ಯೋಚನೆ: ಅಷ್ಟು ಅಗಲದ ಬಂಡಿ ದಾರಿ ನನ್ನ ಕಣ್ಣಿಗೆ ಹೇಗೆ ಬೀಳಲಿಲ್ಲ? ನಕಾಶೆ ಕಚೇರಿಯಲ್ಲೇ ಉಳಿದಿರಬಹುದು, ಅವಸರವಿದ್ದಿರಬಹುದು, ಅದೆಲ್ಲ ಸರಿ. ಆದರೆ ನನಗೆ ಕಣ್ಣಿರಲಿಲ್ಲವೇ? ಹೊಲದ ತುಂಬ ಓಡಾಡಿದವಳು ಗಾಲಿಯ ಜಾಡನ್ನು ಕಾಣದಿರುತ್ತೇನೆಯೇ? ಇದಕ್ಕೆ ಉತ್ತರ ಸಿಕ್ಕರೆ ತಪ್ಪು ಹಗುರಾಗುತ್ತದೆ ಎಂಬ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ.

ಬ್ರೇಕ್ ಮತ್ತೆ ಕಿರುಗುಟ್ಟತೊಡಗಿದಾಗ ವಿಧಿಯಿಲ್ಲದೆ ಹೋದೆ. ಗ್ಯಾರೇಜಿನ ಮುಂದೆ, ಕ್ಲಾಸಿಗೆಂದು ಇಟ್ಟುಕೊಂಡಿದ್ದ ಎರಡು ಹಳೆಯ ಬೈಕುಗಳನ್ನು ತೊಳೆದು ಒರೆಸಿ ನಿಲ್ಲಿಸಿದ್ದ. ಎರಡರ ಹ್ಯಾಂಡಲ್ಲಿಗೂ ರಟ್ಟಿನ ಬೋರ್ಡು: ಮಾರಾಟಕ್ಕಿದೆ. ಬಸವರಾಜ ನನ್ನ ಬ್ರೇಕ್ ಬಿಚ್ಚುತ್ತಾ, “ಹುಡುಗ್ರು ಭಾನುವಾರ ಫೋನ್ ಮಾಡ್ತಾರ್ರಿ. ಎಲ್ಲಿ ಬರೂನು ಅಂತ ಕೇಳ್ತಾರ. ಏನ್ ಹೇಳಲಿ?” ಎಂದ. ನನ್ನನ್ನು ದೂರಿ ಹೇಳಿದ್ದಲ್ಲ. ಅದಕ್ಕೇ ತಡೆಯಲಾಗಲಿಲ್ಲ.

“ಬೋರ್ಡ್ ತೆಗಿ. ಈ ಭಾನುವಾರ ಇನ್ನೊಂದ್ಸಲ ಸೀಗೇಪಾಳ್ಯಕ್ಕೆ ಹೋಗೋಣ” ಎಂದೆ.

“ಕಾಗದ ಸರಿ ಐತಿ ಅಂದ್ರಲ್ರಿ?”

“ಸುಳ್ಳು ಹೇಳ್ದೆ. ಅಲ್ಲಿಗೆ ಬಾ, ಹೇಳ್ತೀನಿ.”

ಅದೇ ಜಗುಲಿಯ ಮೇಲೆ, ಇಬ್ಬರ ಎದುರಿಗೂ ಆ ಹಾಳೆಯನ್ನು ಮತ್ತೆ ಬಿಡಿಸಿ ಸಹಿಯ ಮೇಲೆ ಬೆರಳಿಟ್ಟೆ. “ಈ ಸಹಿ ನಂದು ರಂಗಪ್ಪನವರೇ. ತಪ್ಪೂ ನಂದೇ. ಇಲ್ಲಿ ಬಂಡಿ ದಾರಿ ಇತ್ತು, ನಾನು ಬಿಟ್ಟುಬಿಟ್ಟೆ. ಹೋದ ಸಲ ಅದನ್ನ ನೋಡಿಯೂ ಬಾಯಿ ಮುಚ್ಚಿಕೊಂಡು ಹೋದೆ” ಎಂದೆ. ಬಸವರಾಜ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಅವನ ಕಡೆ ತಿರುಗುವ ಧೈರ್ಯ ಮಾಡಲಿಲ್ಲ.

ರಂಗಪ್ಪನವರು ಹಗ್ಗ ಕೆಳಗಿಟ್ಟರು. “ನೀವೇನಾ ಆ ಛತ್ರಿ ಮೇಡಮ್ಮು? ಕರೀ ಛತ್ರಿ ಇಟ್ಕಂಡು, ಯಾರ್ ಜೊತೆಗೂ ಮಾತಾಡ್ದೆ, ಬರೀ ಬರ್ಕತಾ ಬರ್ಕತಾ ಹೊಂಟೋಗಿದ್ರಲ್ಲ?”

“ನಾನೇ.”

“ಅವತ್ತು ರಾಗಿ ತೆನೆ ತೂಗ್ತಿತ್ತು ಕಣವ್ವ. ಎದೆಮಟ್ಟ. ದಾರಿ ಎಲ್ಲಿ ಕಾಣ್ತದೆ?”

ಅಲ್ಲಿಗೆ ನನ್ನ ಎರಡು ವಾರದ ಒಗಟು ಬಿಡಿಸಿಕೊಂಡಿತು. ಆ ದಾರಿ ವರ್ಷವೆಲ್ಲ ದಾರಿಯಾಗಿರುತ್ತಿರಲಿಲ್ಲ. ಸುಗ್ಗಿ ಮುಗಿದು ಸಂಕ್ರಾಂತಿ ಕಳೆದ ಮೇಲೆ ಬಂಡಿಗಳನ್ನು ಬಿಡುತ್ತಿದ್ದರು. ಮುಂಗಾರು ಬಿದ್ದ ಕೂಡಲೆ ಹೊಲದವರು ದಾರಿಯನ್ನೂ ಸೇರಿಸಿ ಉತ್ತು ಬಿತ್ತಿಬಿಡುತ್ತಿದ್ದರು. ಮಳೆಗಾಲದಲ್ಲಿ ಆಚೆ ಹೋಗಬೇಕಾದವರು ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ರಂಗಪ್ಪನವರ ತಂದೆಯ ಕಾಲದಿಂದಲೂ ಎರಡೂ ಊರುಗಳು ಒಪ್ಪಿಕೊಂಡು ಬಂದಿದ್ದ ಪದ್ಧತಿ ಇದು. ಯಾವ ಕಾಗದದಲ್ಲೂ ಇದನ್ನು ಬರೆದಿಲ್ಲ. ನಾನು ಬಂದದ್ದು ನವೆಂಬರ್, ಕಂಡದ್ದು ರಾಗಿ. ಮೊಬೈಲಿನ ಫೋಟೋ ಬೇಸಿಗೆಯದು; ಅದು ಕಂಡದ್ದು ದಾರಿ. ಹುಡುಗರು ಬೇಸಿಗೆಯ ಫೋಟೋ ಹಿಡಿದುಕೊಂಡು ಮಳೆಗಾಲದ ಹೊಲಕ್ಕೆ ನುಗ್ಗಿದ್ದರು. ಕಾಲ ನೋಡದೆ ನೆಲ ನೋಡಿದ್ದರಲ್ಲಿ ಅವರೂ ನಾನೂ ಒಂದೇ.

“ದಾರಿ ಇದೆ ಅಂತ ಗೊತ್ತಿದ್ರೂ ನೀವು ಯಾಕೆ ಹೇಳ್ಲಿಲ್ಲ?” ಎಂದೆ. ನನ್ನ ದನಿಯಲ್ಲಿ ಹಳೆಯ ಆಫೀಸರ್ ಇನ್ನೂ ಇದ್ದಳು.

“ನೀವು ಕೇಳ್ಲಿಲ್ಲ” ಎಂದರು ರಂಗಪ್ಪನವರು. “ಕೇಳಿದ್ರೆ ಹೇಳ್ತಿದ್ದೆ. ಆಮೇಲೆ ಕಾಗದ ಬಂತು, ಅದ್ರಾಗೆ ಎಲ್ಲಾ ನಂದೇ ಅಂತ ಬರ್ದಿತ್ತು. ಸರ್ಕಾರದೋರೇ ನಿಂದು ಅಂದ್ರೆ ಬ್ಯಾಡ ಅನ್ನಕ್ಕೆ ನಾನೇನ್ ಹುಚ್ಚನಾ?”

ಬಸವರಾಜನಿಗೆ ನಗು ತಡೆಯಲಾಗಲಿಲ್ಲ. ರಂಗಪ್ಪನವರೂ ನಕ್ಕರು. ಆಮೇಲೆ ಅವನ ಕಡೆ ತಿರುಗಿ, “ನನ್ ಸಿಟ್ಟು ದಾರೀಗಲ್ಲ ಕಣಪ್ಪಾ, ಪೈರಿಗೆ. ನೀನು ಬ್ಯಾಸಿಗೇಲಿ ಬಂದಿದ್ರೆ ನಾನ್ ಕೇಳ್ತಿರಲೂ ಇಲ್ಲ” ಎಂದರು. ಬಸವರಾಜ ಅಲ್ಲೇ ಬಗ್ಗಿ ಅವರ ಕಾಲು ಮುಟ್ಟಿದ.

ಆದರೂ ಕಾಗದ ಸರಿಯಾಗದೆ ಅದು ನ್ಯಾಯವಾದ ದಾರಿಯಾಗುತ್ತಿರಲಿಲ್ಲ. ರಂಗಪ್ಪನವರ ನಂತರ ಬರುವವರು ಮತ್ತೆ ಅದೇ ಹಾಳೆ ತೋರಿಸಿ ಬೇಲಿ ಹಾಕಬಹುದಿತ್ತು. ಆ ವಾರವೇ ತಾಲ್ಲೂಕಿನ ಸರ್ವೆ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆ: ಇಂಥ ವರ್ಷ ನಾನು ಮಾಡಿದ ಪೋಡಿ ನಕ್ಷೆಯಲ್ಲಿ ನಕಾಶೆಯ ಬಂಡಿ ದಾರಿ ಬಿಟ್ಟುಹೋಗಿದೆ, ಮರು ಅಳತೆ ಮಾಡಿ ತಿದ್ದಬೇಕು. ರಂಗಪ್ಪನವರೂ ಅವರ ತಮ್ಮನೂ ಒಪ್ಪಿಗೆಯ ಸಹಿ ಹಾಕಿದ್ದರು. ಅರ್ಜಿ ತೆಗೆದುಕೊಂಡ ಸರ್ವೇಯರ್ ನನ್ನ ಕೈಕೆಳಗೆ ತರಬೇತಿ ಪಡೆದವನೇ. ಎರಡು ಸಲ ಓದಿದ.

“ಮೇಡಂ, ರಿಟೈರ್ ಆದ್ಮೇಲೆ ಯಾರಾದ್ರೂ ತಮ್ಮ ಮೇಲೆ ತಾವೇ ತಕರಾರು ಹಾಕ್ಕೋತಾರಾ? ವಾಪಸ್ ತಗೊಳ್ಳಿ ಮೇಡಂ, ನಿಮ್ಮ ಹೆಸರು ಹಾಳಾಗುತ್ತೆ.”

“ಹೆಸರು ನಂದು, ದಾರಿ ಊರಿನದು. ಸೀಲ್ ಹಾಕು” ಎಂದೆ. ಇದನ್ನು ಗಟ್ಟಿಯಾಗಿ ಹೇಳಿ ಹೊರಬಂದೆನಾದರೂ, ಮೆಟ್ಟಿಲ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತೆ. ಅಷ್ಟು ಸಲೀಸಾಗಿರಲಿಲ್ಲ ಅದು. ಸಂಜೆ ಯಜಮಾನರಿಗೆ ಹೇಳಿದರೆ, ಅವರು ಕಾಫಿ ಮಾಡಿ ತಂದುಕೊಟ್ಟು, “ಇನ್ಮೇಲೆ ಆ ಮೈಕಿನ ಭಾಷಣ ಕೇಳೋ ಕಷ್ಟ ನಂಗಿಲ್ಲ ಬಿಡು” ಎಂದರು.

ಮರು ಅಳತೆ 2024ರ ಫೆಬ್ರವರಿಯಲ್ಲಿ ನಡೆಯಿತು. ಆ ತಿಂಗಳೇ ಆಗಬೇಕೆಂದು ಹಟ ಹಿಡಿದವಳು ನಾನು. ರಾಗಿ ಕೊಯ್ದಾಗಿತ್ತು. ಕೂಳೆಯ ನಡುವೆ ದಾರಿ ಬೆತ್ತಲಾಗಿ, ಎರಡು ಗಾಲಿಯ ಜಾಡಿನೊಡನೆ ಬಿದ್ದುಕೊಂಡಿತ್ತು. ಮೊದಲು ಕಾಣದೆ ಹೋದವಳಿಗೆ ಈಗ ಕಣ್ಣು ಕೀಳಲಾಗಲಿಲ್ಲ. ಆ ಸರ್ವೇಯರ್ ಟೇಪ್ ಬಿಚ್ಚಲು ಹೋದಾಗ ತಡೆದೆ.

“ಮೊದ್ಲು ರಂಗಪ್ಪನವರನ್ನ ಕೇಳು.”

“ಏನಂತ ಮೇಡಂ?”

“ಇಲ್ಲಿ ಯಾವ ಕಾಲದಲ್ಲಿ ಯಾರು ಯಾರು ಓಡಾಡ್ತಾರೆ ಅಂತ.”

ಕೇಳಿದ. ರಂಗಪ್ಪನವರು ಅರ್ಧ ಗಂಟೆ ಮಾತಾಡಿದರು. ಬಂಡಿ ಬಿಡುವ ದಿನ, ಕುರಿಯವರು ಬರುವ ತಿಂಗಳು, ಹೂತುಹೋದ ಗಡಿಕಲ್ಲು ಇರುವ ಜಾಗ, ಎಲ್ಲ ಹೇಳಿದರು. ಹೇಳಿದ ಜಾಗದಲ್ಲಿ ಅಗೆದರೆ ಮೊಣಕಾಲುದ್ದ ಆಳದಲ್ಲಿ ಕಲ್ಲು ಸಿಕ್ಕಿತು. ನಮ್ಮ ಹಳೆಯ ಸರಪಳಿ ಮೂವತ್ತಮೂರು ಅಡಿಯದು. ಆ ಲೆಕ್ಕದಲ್ಲಿ ದಾರಿ ಅರ್ಧ ಸರಪಳಿ ಅಗಲ, ಹದಿನಾರು ಸರಪಳಿ ಉದ್ದ ಬಂತು. ಒಟ್ಟು ಎಂಟು ಗುಂಟೆ. ಖರಾಬಿನ ಕಾಲಮ್ಮಿನಲ್ಲಿ ನಾನು ಬರೆದಿದ್ದ ಸೊನ್ನೆಯನ್ನು ಹೊಡೆದು ಎಂಟು ಎಂದು ಬರೆದು, ಮಹಜರಿಗೆ ಎಲ್ಲರೂ ಸಹಿ ಹಾಕಿದರು. ನಾನು ಸಾಕ್ಷಿಯಾಗಿ ಕೊನೆಯಲ್ಲಿ ಸಹಿ ಮಾಡಿದೆ.

ತಿದ್ದಿದ ನಕ್ಷೆ ಕೈಗೆ ಬಂದ ಮೇಲೆ ಬಸವರಾಜನ ಕ್ಲಾಸ್ ಆ ದಾರಿಯಲ್ಲಿ ಶುರುವಾಯಿತು. ಸಾರ್ವಜನಿಕ ದಾರಿಯಾದ್ದರಿಂದ ಕಾನೂನು ಪ್ರಕಾರ ಯಾವ ತಿಂಗಳು ಬೇಕಾದರೂ ಹೋಗಬಹುದು. ಅವನು ಮಾತ್ರ ಸಂಕ್ರಾಂತಿ ಕಳೆದ ಮೇಲೆ ಹೋಗುತ್ತಾನೆ, ಮೊದಲ ಮಳೆಗೆ ನಿಲ್ಲಿಸುತ್ತಾನೆ. ಉಳಿದ ತಿಂಗಳುಗಳಿಗೆ ನಾವಿಬ್ಬರೂ ಬೇರೆ ದಾರಿ ಹುಡುಕುತ್ತೇವೆ. ನಮ್ಮ ಊಟದ ಮೇಜಿನ ಮೇಲೆ ಈಗ ಹನ್ನೊಂದು ಊರುಗಳ ನಕಾಶೆ ಅಂಟಿಕೊಂಡಿದೆ. ಯಜಮಾನರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡುತ್ತಾರೆ. ಆ ಹನ್ನೊಂದು ಊರುಗಳಲ್ಲೂ ಟೇಪ್ ಹಿಡಿಯುವ ಮೊದಲು ಯಾರದ್ದಾದರೂ ಜಗುಲಿಯ ಮೇಲೆ ಕೂತು ಮಾತು ಕೇಳಿ ಬಂದಿದ್ದೇನೆ. ಅಳೆಯುವುದನ್ನು ಕಲಿಯಲು ನನಗೆ ಆರು ತಿಂಗಳ ತರಬೇತಿ ಸಾಕಾಗಿತ್ತು. ಕೇಳುವುದನ್ನು ಕಲಿಯಲು ನಿವೃತ್ತಳಾಗಬೇಕಾಯಿತು.

ಆ ದಾರಿಯಲ್ಲಿ ಕ್ಲಾಸ್ ಶುರುವಾದ ಮೊದಲ ಭಾನುವಾರ ನಾನೂ ಹೋಗಿದ್ದೆ. ಬಸವರಾಜ ಹುಡುಗರ ಕೈಲಿ ಮಣೆ ಹಾಕಿಸಿ ನನ್ನನ್ನು ತನ್ನ ಬೈಕಿನ ಹಿಂದೆ ಹತ್ತಿಸಿದ. ಐನೂರ ಇಪ್ಪತ್ತೆಂಟು ಅಡಿ, ಕುಲುಕಿ ಕುಲುಕಿ ಸೊಂಟ ಕಳಚಿಹೋಯಿತು. ಆಚೆ ತುದಿಯಲ್ಲಿ ರಂಗಪ್ಪನವರು ನಿಂತಿದ್ದರು. ಬಿಸಿಲಿಗಿರಲಿ ಎಂದು ಯಾರದ್ದೋ ಕರೀ ಛತ್ರಿ ತಂದಿದ್ದರು.

“ಇಳೀರವ್ವ” ಎಂದು ಅದನ್ನು ನನ್ನ ಕೈಗೆ ಕೊಟ್ಟು, “ಈಗ್ಲಾದ್ರೂ ಕುಂತ್ಕಂಡು ಮಾತಾಡಿ ಹೋಗಿ” ಎಂದರು.